ಗೆಣಸಿನ ವ್ರತ

ನೋಲೀನ್ ಕೈ ಚಾಚಿದಳು. ಕ್ಲೀಟಸ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಅಂಗಳದಲ್ಲಿ ಸಾಲಾಗಿ ನಿಂತವರೆಲ್ಲ ಆಗಷ್ಟೇ ಅವಳ ಕೈ ಕುಲುಕಿದ್ದರು. ಮುದುಕಿಯರು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ್ದರು, ಮೂಗು ಸೋರುವ ಮಕ್ಕಳೂ ಬಿಟ್ಟಿರಲಿಲ್ಲ. ಮಾಪ್ರಿಕ್ ಪೇಟೆಯ ಆರೋಗ್ಯ ಕೇಂದ್ರದಿಂದ ಲಾರಿ ಹತ್ತಿ, ಆಮೇಲೆ ಕೆಸರಿನಲ್ಲಿ ನಡೆದು ಬಂದ ಹೊಸ ನರ್ಸಿಗೆ ಯಾವ ಊರಾದರೂ ಅಷ್ಟು ಮರ್ಯಾದೆ ಕೊಡುತ್ತದೆ. ಸಾಲಿನ ಕೊನೆಯಲ್ಲಿದ್ದ ಈ ಎತ್ತರದ ಗಂಡಸು ಮಾತ್ರ ಅವಳ ಕೈಯನ್ನು ಹಾವನ್ನು ನೋಡುವಂತೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನೋಲೀನ್ ಅದರಿಂದ ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು.

"ಕೈ ತೊಳ್ಕೊಂಡೇ ಬಂದಿದೀನಿ," ಅಂದಳು.

ಹೆಂಗಸರು ಕಿಸಕ್ಕೆಂದರು. ಕ್ಲೀಟಸನ ಕಿವಿ ಬಿಸಿಯಾಯಿತು. ಅವಳ ಕೈ ಅವನಿಗೆ ಬೇಡವಾಗಿರಲಿಲ್ಲ. ಬೇಡವಾಗಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ.

ಅವನ ಗೆಣಸು ಇನ್ನೂ ಮಣ್ಣಿನೊಳಗಿತ್ತು. ಉದ್ದಗೆಣಸು ಬೆಳೆಯುವ ಗಂಡಸು, ಬಳ್ಳಿ ನೆಟ್ಟಾಗಿನಿಂದ ಗೆಡ್ಡೆ ಮೇಲೆ ಬರುವವರೆಗೆ ಹೆಣ್ಣನ್ನು ಮುಟ್ಟುವಂತಿಲ್ಲ, ಅವಳ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಮದುವೆಯಾದವರು ಬೇರೆ ಮನೆಯಲ್ಲಿ ಮಲಗುತ್ತಾರೆ. ಗೆಣಸಿಗೆ ಕಿವಿ ಇದೆ, ಮೂಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಿದೆ. ಒಡೆಯನ ಮನಸ್ಸು ಬೇರೆ ಕಡೆ ವಾಲಿತೆಂದು ಗೊತ್ತಾದರೆ ಮುನಿಸಿಕೊಂಡು ಬೆಳೆಯುವುದನ್ನೇ ನಿಲ್ಲಿಸಿಬಿಡುತ್ತದೆ. ನಗುವವರು ನಗಬಹುದು. ಆ ಊರಿನಲ್ಲಿ ಯಾರೂ ನಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಕ್ಲೀಟಸ್ ತಾನೇ ನಿಂತು ಬೆಳೆಸುತ್ತಿದ್ದ ಮೊದಲ ಗೆಣಸು ಅದು. ಅಲ್ಲಿ ತಾನು ಬೆಳೆದ ಉದ್ದಗೆಣಸನ್ನು ತಾನೇ ಯಾರೂ ತಿನ್ನುವುದಿಲ್ಲ, ತನ್ನ ಜೊತೆಗಾರನಿಗೆ ಕೊಡುತ್ತಾರೆ. ಕ್ಲೀಟಸನ ಜೊತೆಗಾರ ಬೊನಿಫಾಸ್ ಹಿಂದಿನ ಸುಗ್ಗಿಯಲ್ಲಿ ಆಳೆತ್ತರದ ಗೆಣಸು ಕೊಟ್ಟು ಮೀಸೆ ತಿರುವಿದ್ದ. ಅದಕ್ಕೆ ಸರಿಸಮನಾದದ್ದನ್ನು ತಿರುಗಿ ಕೊಡದಿದ್ದರೆ ಇಡೀ ಊರು ಸೇರಿದ ಅಂಗಳದಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: ಯಾರನ್ನು ಮುಟ್ಟಿದೆ?

ಆ ಪ್ರಶ್ನೆಯ ಹೆದರಿಕೆಯಲ್ಲೇ ಅವನು ಇಷ್ಟು ದಿನ ನೆಮ್ಮದಿಯಾಗಿದ್ದ. ಈಗ ಇವಳು ಬಂದಳು.

ನೋಲೀನ್ ಬಂದದ್ದು ಮಕ್ಕಳನ್ನು ಅಳೆಯಲು. ಸಹಾಯಕ್ಕಿದ್ದ ನರ್ಸ್ ವಿನ್ಸೆಂಟ್ ಹೆಗಲಿನಿಂದ ಅಳತೆ ಹಲಗೆ ಇಳಿಸಿದ. ಉದ್ದನೆಯ ಮರದ ಹಲಗೆ, ತಲೆ ಇಡುವ ತುದಿಗೆ ಇನ್ನೊಂದು ಹಲಗೆ ನಿಲ್ಲಿಸಿದೆ, ಕಾಲಿನ ಕಡೆಯದು ಜಾರುತ್ತದೆ. ಚಿಕ್ಕ ಮಕ್ಕಳನ್ನು ಅದರ ಮೇಲೆ ಅಂಗಾತ ಮಲಗಿಸಬೇಕು. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಉದ್ದ ಓದಬೇಕು.

"ಯಾರ ಮಗು ಮೊದಲು?" ಎಂದು ಅವಳು ನಗುತ್ತಾ ಕೇಳಿದಳು.

ಯಾರೂ ಅಲ್ಲಾಡಲಿಲ್ಲ. ಕ್ಲೀಟಸನ ಅಕ್ಕ ಲುಡ್ವಿನಾ ಹಲಗೆಯನ್ನು ಒಮ್ಮೆ ನೋಡಿ, ಸೊಂಟದ ಮೇಲಿದ್ದ ಮಗ ಟೋಬಿಯ ತಲೆಯನ್ನು ಎದೆಗೆ ಒತ್ತಿಕೊಂಡು ಎದ್ದು ಹೋದಳು. ಅವಳ ಹಿಂದೆ ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಹೋದರು. ಟೋಬಿಗಿಂತ ಮೊದಲು ಹುಟ್ಟಿದ ಕೂಸನ್ನು ಲುಡ್ವಿನಾ ಇಂಥದೇ ಅಳತೆಯ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದ್ದಳು.

ಖಾಲಿ ಅಂಗಳದಲ್ಲಿ ನೋಲೀನ್ ಹಲಗೆಯ ಪಕ್ಕ ಕೂತು ಅಡಿಕೆ ಸುಲಿದಳು. ಕ್ಲೀಟಸ್ ಹಲಸಿನ ಜಾತಿಯ ದೀವಿ ಮರದ ಕೆಳಗೆ ನಿಂತು ನೋಡುತ್ತಿದ್ದ. ಹೋಗಬೇಕೆಂದು ನಾಲ್ಕು ಸಲ ಅಂದುಕೊಂಡ.

"ಅಲ್ಲಿಂದ ನೋಡ್ತಾ ನಿಂತ್ರೆ ಮಕ್ಕಳು ಉದ್ದ ಆಗಲ್ಲ," ಅಂದಳು ಅವಳು, ತಲೆ ಎತ್ತದೆ.

"ಅದು ಹೆಣದ ಪೆಟ್ಟಿಗೆ ಥರ ಇದೆ. ಅದಕ್ಕೇ ಹೋದ್ರು."

ಅವಳ ಕೈಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಹಲಗೆಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಅಯ್ಯೋ ದೇವರೇ," ಎಂದು ಮೆಲ್ಲಗೆ ಅಂದು ಅದನ್ನು ತನ್ನ ಬಟ್ಟೆಯಿಂದ ಮುಚ್ಚಿದಳು. "ಹೇಳಿದ್ದಕ್ಕೆ ಉಪಕಾರ ಆಯ್ತು. ತಗೊಳ್ಳಿ." ಸುಲಿದ ಅಡಿಕೆಯನ್ನು ಅಂಗೈಯಲ್ಲಿಟ್ಟು ಚಾಚಿದಳು.

ಕ್ಲೀಟಸ್ ಮತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ.

ಈ ಸಲ ಅವಳ ಮುಖ ಕೆಂಪಾಯಿತು. "ದ್ವೀಪದವರ ಕೈಯಿಂದ ಅಡಿಕೆನೂ ಆಗಲ್ವಾ ನಿಮಗೆ?" ಎಂದು ಅಡಿಕೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಕಚ್ಚಿದಳು. ಅವಳು ಮಾನುಸ್ ದ್ವೀಪದವಳು. ಬೆಟ್ಟದ ಜನ ತನ್ನನ್ನು ಕೀಳಾಗಿ ಕಾಣುತ್ತಾರೆಂದು ತಿಳಿದುಕೊಂಡೇ ಅವಳು ಅಂದು ಸಂಜೆಯ ಲಾರಿ ಹತ್ತಿದಳು. ಊರೆಲ್ಲ "ಹೋಗಿ ಬನ್ನಿ ಸಿಸ್ಟರ್" ಅಂದಿತು. ಕ್ಲೀಟಸನಿಗೆ ಆ ಸಿಸ್ಟರ್ ಎಂಬ ಮಾತು ಗಂಟಲು ದಾಟಿ ಬರಲೇ ಇಲ್ಲ.

ಮರುದಿನದಿಂದ ಅವನಿಗೆ ಕಾಲು ನೆಲದ ಮೇಲೆ ನಿಲ್ಲದಂತಾಯಿತು. ಬೆಳಿಗ್ಗೆ ಬೇಲಿ ದಾಟಿ ತೋಟಕ್ಕೆ ಹೋಗಿ ಬಳ್ಳಿಗೆ ಊರುಗೋಲು ಕಟ್ಟುವಾಗ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಗೆಡ್ಡೆ ಇಳಿಯಲೆಂದು ಅಗೆದ ಆಳವಾದ ಗುಂಡಿಯ ಮೇಲೆ ಬಗ್ಗಿ ಬಾಯಿಪಾಠದ ಮಂತ್ರ ಹೇಳುವಾಗ ಮಧ್ಯದಲ್ಲಿ ಮರೆತು ನಿಲ್ಲುತ್ತಿದ್ದ. ಮಣ್ಣಿನೊಳಗಿನದು ಕಿವಿಗೊಟ್ಟು ಕೇಳುತ್ತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು.

"ಯಾಕೋ ಮಂಕಾಗಿದೀಯ?" ಎಂದು ದೊಡ್ಡಪ್ಪ ಗನ್ಬಾಸ ಕೇಳಿದ. ಅಪ್ಪನ ಬದಲು ಅವನಿಗೆ ಗೆಣಸಿನ ವಿದ್ಯೆ ಕಲಿಸುತ್ತಿದ್ದವನು ಅವನೇ.

"ಸೊಳ್ಳೆ ಕಾಟ," ಅಂದ ಕ್ಲೀಟಸ್.

ತಿಂಗಳು ಕಳೆದ ಮೇಲೆ ಲಾರಿ ಮತ್ತೆ ಬಂತು. ವಿನ್ಸೆಂಟ್ ಬಂದಿರಲಿಲ್ಲ, ಮಲೇರಿಯಾ ಹಿಡಿದು ಮಾಪ್ರಿಕ್ಕಿನಲ್ಲೇ ಮಲಗಿದ್ದ. ನೋಲೀನ್ ಒಬ್ಬಳೇ ಹಲಗೆ ಹೊತ್ತು ಬಂದಳು. ಕ್ಲೀಟಸ್ ದೂರದಿಂದ ನೋಡಿದ. ಅವಳು ನೇರವಾಗಿ ಲುಡ್ವಿನಾಳ ಅಡುಗೆಮನೆಗೆ ಹೋದಳು, ಸ್ವಲ್ಪ ಹೊತ್ತಿಗೆ ಒಳಗಿಂದ ಇಬ್ಬರು ಹೆಂಗಸರ ನಗು ಕೇಳಿಸಿತು. ತನ್ನ ವಿಷಯವೇ ಎಂದು ಅವನಿಗೆ ಖಾತ್ರಿಯಾಯಿತು. ಅದು ಸರಿಯೇ ಆಗಿತ್ತು.

ಹೊರಗೆ ಬಂದ ನೋಲೀನ್ ಅವನಿದ್ದಲ್ಲಿಗೆ ಬಂದು, ನಡುವೆ ಮೂರಾಳು ಮಲಗುವಷ್ಟು ಜಾಗ ಬಿಟ್ಟು ನಿಂತಳು. ಕಣ್ಣಿನ ತುದಿಯಲ್ಲಿ ನಗು ಇನ್ನೂ ಉಳಿದಿತ್ತು.

"ವ್ರತ ಅಂತೆ."

"ಹೂಂ."

"ಬಾಯಿ ಬಿಟ್ಟು ಹೇಳೋದಕ್ಕೂ ವ್ರತಾನಾ? ಒಂದು ತಿಂಗಳು ನಿಮ್ಮನ್ನ ಬೈಕೊಂಡು ಓಡಾಡಿದೀನಿ."

"ಒಂದು ತಿಂಗಳು ಪೂರ್ತಿನಾ?" ಅವನಿಗೆ ಯಾಕೋ ಖುಷಿಯಾಯಿತು.

ಅವಳು ಹುಬ್ಬು ಹಾರಿಸಿ, ಚೀಲದಿಂದ ಅಡಿಕೆ ತೆಗೆದು ಇಬ್ಬರ ನಡುವಿದ್ದ ಕಡಿದ ಮರದ ಬುಡದ ಮೇಲೆ ಇಟ್ಟಳು. ಪಕ್ಕಕ್ಕೆ ಸುಣ್ಣದ ಡಬ್ಬಿಯನ್ನೂ ಇಟ್ಟು ಹಿಂದೆ ಸರಿದಳು. "ಕೈಯಿಂದ ಕೈಗೆ ತಾನೆ ಬೇಡ? ಮರದ ಕೈಯಿಂದ ತಗೊಳ್ಳಿ. ಮರ ಹೆಣ್ಣೋ ಗಂಡೋ ನನಗೆ ಗೊತ್ತಿಲ್ಲ."

ಅವನು ತೆಗೆದುಕೊಂಡ. ಸುಣ್ಣದ ಡಬ್ಬಿ ಅವಳ ಕೈಯ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ. ಗೆಣಸಿಗೆ ಇದು ಗೊತ್ತಾದರೆ ಏನು ಗತಿ ಎಂದು ಹೆದರುತ್ತಲೇ ಅವನು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ.

ಲುಡ್ವಿನಾ ಟೋಬಿಯನ್ನು ಎತ್ತಿಕೊಂಡು ಬಂದಳು. ನೋಲೀನ್ ಮಗುವಿನ ಕೆನ್ನೆ ಹಿಂಡಿ ಕೇಳಿದಳು, "ಎಷ್ಟು ತಿಂಗಳು ಇವನಿಗೆ?"

"ಈಗಷ್ಟೇ ನಡೀತಿದಾನೆ. ಇಷ್ಟುದ್ದ ಇದಾನೆ. ಒಂದು ವರ್ಷ ಇರ್ಬೇಕು ಸಿಸ್ಟರ್."

"ಇಲ್ಲ ಅಕ್ಕ," ಅಂದ ಕ್ಲೀಟಸ್ ದೂರದಿಂದಲೇ. "ಅಪ್ಪ ಕೊನೇ ಗೆಣಸು ಅಗೆದಾಗ ಹುಟ್ಟಿದ್ದು. ಸುಗ್ಗಿ ಹಬ್ಬಕ್ಕೆ ಅಂಗಳದಲ್ಲಿ ಗೆಣಸಿಗೆ ಮುಖವಾಡ ಕಟ್ತಿದ್ವಿ, ನೀನು ಒಳಗೆ ಕೂಗ್ತಿದ್ದೆ. ಆಮೇಲೆ ಬೊನಿಫಾಸ್ ಕೊಟ್ಟ ಸುಗ್ಗಿ ಬಂತು. ಈಗ ಇದು."

ನೋಲೀನ್ ಬೆರಳು ಮಡಿಚಿ ಎಣಿಸಿದಳು. ಅವಳ ಮುಖದ ನಗು ಮಾಯವಾಯಿತು. "ಹಾಗಾದ್ರೆ ಒಂದೂವರೆ ವರ್ಷ ದಾಟಿದೆ. ನೀವು ಎತ್ತರ ನೋಡಿ ವಯಸ್ಸು ಹೇಳ್ತಿದೀರ. ಎಲ್ಲರ ಮಕ್ಕಳೂ ಹೀಗೇ ಇದ್ರೆ ಗಿಡ್ಡ ಅಂತ ಯಾರಿಗೆ ಗೊತ್ತಾಗುತ್ತೆ? ಗುಂಡಗಿದಾನೆ, ನಗ್ತಾನೆ, ಆದ್ರೆ ಒಳಗೆ ಹಸಿವು ಇದೆ. ಅಳೀಲೇಬೇಕು ಅಕ್ಕ."

ಲುಡ್ವಿನಾ ಹಲಗೆಯ ಕಡೆ ನೋಡಿದಳು, ತಮ್ಮನ ಕಡೆ ನೋಡಿದಳು. "ಇವನ ತಲೆ ಇವನ ಮಾಮ ಹಿಡಿದ್ರೆ ಮಲಗಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಅಲ್ಲಿ ಸೋದರಮಾವನ ಕೈ ತಲೆಯ ಮೇಲಿದ್ದರೆ ಮಗುವಿಗೆ ಕೆಟ್ಟದ್ದು ತಟ್ಟುವುದಿಲ್ಲ.

"ಅಕ್ಕ, ಗೆಣಸು..."

"ಗೆಣಸು ಎಷ್ಟುದ್ದ ಆಯ್ತು ಅಂತ ದಿನಾ ನಿದ್ದೆಗೆಡ್ತೀಯ. ಇವನೂ ಇದೇ ಮಣ್ಣಲ್ಲಿ ಬೆಳೀತಿರೋನು ಕಣೋ."

ಅಂಗಳದ ಸುತ್ತ ತಾಯಂದಿರು ಮಕ್ಕಳನ್ನೆತ್ತಿಕೊಂಡು ಕಾಯುತ್ತಿದ್ದರು. ನೋಲೀನ್ ಬನ್ನಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನ ವ್ರತ ಅವನದು ಎಂಬಂತೆ ನೆಲ ನೋಡುತ್ತಾ ನಿಂತಳು. ಅವಳು ಒತ್ತಾಯ ಮಾಡಿದ್ದರೆ ಅವನು ಬಹುಶಃ ತಪ್ಪಿಸಿಕೊಳ್ಳುತ್ತಿದ್ದ.

ಕ್ಲೀಟಸ್ ಬಂದು ಹಲಗೆಯ ತಲೆಯ ಕಡೆ ಮಂಡಿಯೂರಿದ.

ಟೋಬಿ ಅಳಲು ಬಾಯಿ ತೆರೆದವನು ಮೇಲೆ ಮಾಮನ ಮುಖ ಕಂಡು ಸುಮ್ಮನಾದ. ಕ್ಲೀಟಸ್ ಎರಡೂ ಅಂಗೈಗಳಲ್ಲಿ ಪುಟ್ಟ ಕಿವಿಗಳನ್ನು ಮುಚ್ಚಿ ಹಿಡಿದ.

"ಹಾಗಲ್ಲ," ಅಂದಳು ನೋಲೀನ್ ಮೆಲ್ಲಗೆ. "ನೆತ್ತಿ ಹಲಗೆಗೆ ತಾಕಬೇಕು. ಕಣ್ಣು ನೇರ ಆಕಾಶಕ್ಕೆ." ಮಾತಿನಲ್ಲಿ ಹೇಳಿ ಸಾಕಾಗದೆ, ಕೆಲಸದ ಅಭ್ಯಾಸಬಲದಿಂದ, ಬಗ್ಗಿ ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಒಂದಿಷ್ಟು ತಿರುಗಿಸಿದಳು.

ಆಮೇಲಷ್ಟೇ ಅವಳಿಗೆ ನೆನಪಾಯಿತು. ಕೈ ಹಿಂದಕ್ಕೆಳೆದುಕೊಂಡಳು. ಇಬ್ಬರ ಮುಖಗಳು ಮಗುವಿನ ಮೇಲೆ ಹತ್ತಿರದಲ್ಲಿದ್ದವು. ಅವಳ ಎಡಗಣ್ಣಿನ ರೆಪ್ಪೆಯ ಮೇಲೆ ಒಂದು ಸಣ್ಣ ಮಚ್ಚೆ ಇತ್ತು, ಕಣ್ಣು ಮುಚ್ಚಿದಾಗ ಮಾತ್ರ ಕಾಣುವಂಥದು. ಅದು ತನಗೆ ಮಾತ್ರ ಕಂಡಿತೆಂದು ಅವನಿಗೆ ಹೆಮ್ಮೆಯಾಯಿತು. ಬೇಲಿಯಾಚೆ ಮಣ್ಣಿನಲ್ಲಿ ಏನೋ ಮುಖ ತಿರುಗಿಸಿಕೊಂಡಿತೆಂದೂ ಅನ್ನಿಸಿತು.

ಅವಳು ಮಂಡಿ ಒತ್ತಿ, ಹಲಗೆ ಜಾರಿಸಿ, ಉದ್ದ ಓದಿದಳು. "ಆಯ್ತು. ಬಿಡಿ."

ಅವನು ಬಿಡಲಿಲ್ಲ.

"ಮಗು ತಲೆ ಬಿಡಿ ಅಂದೆ."

ಟೋಬಿ ಇರಬೇಕಾದದ್ದಕ್ಕಿಂತ ಒಂದು ಬೆರಳುದ್ದ ಗಿಡ್ಡವಾಗಿದ್ದ. ನೋಲೀನ್ ಅಳತೆಗೆಂದು ಎತ್ತಿ ತೋರಿಸಿದ ಬೆರಳನ್ನೇ ಲುಡ್ವಿನಾ ನೋಡುತ್ತಾ ಕೂತಳು. "ಈಗಲೂ ಹೊತ್ತು ಮೀರಿಲ್ಲ," ಎಂದು ನೋಲೀನ್ ಅವಳ ಪಕ್ಕ ಕೂತು ಮೊಟ್ಟೆ, ಮೀನು, ಕಡಲೆಕಾಯಿ, ಸೊಪ್ಪು ಎಂದು ಬಿಡಿಸಿ ಹೇಳಿದಳು. ಬರೀ ಗೆಣಸಿನಿಂದ ಹೊಟ್ಟೆ ತುಂಬುತ್ತದೆ, ಮೂಳೆ ಬೆಳೆಯುವುದಿಲ್ಲ ಎಂದಳು. ಟೋಬಿ ಎದ್ದು ನಗುತ್ತಾ ನಡೆದದ್ದನ್ನು ಕಂಡು ಉಳಿದ ತಾಯಂದಿರು ಸಾಲು ನಿಂತರು. ಅಂದು ಸಂಜೆಯವರೆಗೆ ಕ್ಲೀಟಸ್ ಮಕ್ಕಳ ತಲೆ ಹಿಡಿದ. ಹಿಡಿಯುವ ಬಗೆ ಅವನಿಗೆ ಮೊದಲ ಮಗುವಿಗೇ ಬಂದಿತ್ತು. ಆದರೂ ಎರಡು ಸಲ ತಪ್ಪು ಹಿಡಿದ. ಎರಡು ಸಲವೂ ಅವಳು ಬಾಯಲ್ಲಷ್ಟೇ ತಿದ್ದಿದಳು, ತುಟಿ ಕಚ್ಚಿ ನಗು ತಡೆದುಕೊಂಡು.

ರಾತ್ರಿಯಡುಗೆಗೆ ಮುಂಚೆಯೇ ಗನ್ಬಾಸ ಅವನನ್ನು ದೈವದ ಮನೆಯ ಮುಂದೆ ನಿಲ್ಲಿಸಿದ. "ಸೋದರಮಾವನ ಕೆಲಸ ಮಾಡಿದೆ, ತಪ್ಪಲ್ಲ. ಅವಳ ಕೈ ತಾಕಿತಾ?"

"ಇಲ್ಲ ದೊಡ್ಡಪ್ಪ."

"ಮನಸ್ಸು?"

"ಇಲ್ಲ."

ಗನ್ಬಾಸ ಅವನನ್ನು ದಿಟ್ಟಿಸಿ ನೋಡಿ ತೋಟಕ್ಕೆ ಹೋಗಲು ಬಿಟ್ಟ. ಎರಡು ಸುಳ್ಳು ಹೇಳಿ ಬಂದ ಕ್ಲೀಟಸನಿಗೆ ಆಮೇಲೆ ಒಂದು ಊಟವೂ ರುಚಿಸಲಿಲ್ಲ. ಬೆಳಿಗ್ಗೆ ಬಳ್ಳಿಯ ಮುಂದೆ ಕೂತು ಕ್ಷಮೆ ಕೇಳುತ್ತಿದ್ದ, ಕೇಳುತ್ತಿರುವಾಗಲೇ ರೆಪ್ಪೆಯ ಮಚ್ಚೆ ನೆನಪಾಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಎದ್ದು ಟೋಬಿಗೆ ಮೊಟ್ಟೆ ತೆಗೆದುಕೊಂಡು ಹೋಗುತ್ತಿದ್ದ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು, ನಡೆದರೆ ಕಾಲು ತಾನಾಗಿ ಲಾರಿಯ ದಾರಿ ಹಿಡಿಯಬೇಕು.

ಒಂದು ದಿನ ಹಾಗೆಯೇ ಮಾಪ್ರಿಕ್ಕಿಗೆ ಹೋದ. ಆರೋಗ್ಯ ಕೇಂದ್ರದ ಎದುರು ರಸ್ತೆಯ ಈಚೆ ನಿಂತ. ಜಗಲಿಯ ಮೇಲೆ ಕೂಸುಗಳನ್ನು ತೂಗುತ್ತಿದ್ದ ನೋಲೀನ್ ಅವನನ್ನು ಕಂಡು ಎದ್ದು ಬಂದು ರಸ್ತೆಯ ಆಚೆ ನಿಂತಳು. ದಾಟಲಿಲ್ಲ. ಅವನ ಗೆಣಸಿಗೆ ಅವಳೂ ಅಷ್ಟು ಮರ್ಯಾದೆ ಕೊಡುತ್ತಿದ್ದಳು.

"ಏನು ಬೇಕಿತ್ತು?" ಎಂದು ಕೂಗಿದಳು.

"ಉಪ್ಪು," ಎಂದು ಕೂಗಿದ.

"ಉಪ್ಪು ಅಂಗಡೀಲಿ ಸಿಗುತ್ತೆ."

"ಗೊತ್ತು." ಅವನು ರಸ್ತೆಯ ಅಂಚಿನವರೆಗೆ ಬಂದ. "ಸುಗ್ಗಿಗೆ ಬರ್ತೀರಾ?"

"ಟೋಬಿನ ಮತ್ತೆ ಅಳೀಬೇಕಲ್ಲ, ಬರ್ತೀನಿ. ಅಲ್ಲಿಗೆ ನನ್ನ ಕೆಲಸ ಮುಗೀತು. ಮಾನುಸ್‌ಗೆ ಹೊರಡ್ತೀನಿ. ಅಲ್ಲೇ ಆಸ್ಪತ್ರೇಲಿ ಕರೀತಿದಾರೆ, ಟಿಕೆಟೂ ಆಗಿದೆ."

ಹೋಗಬೇಡ ಎನ್ನುವುದು ಮುಟ್ಟುವುದಕ್ಕಿಂತ ದೊಡ್ಡ ವ್ರತಭಂಗವಾಗಿತ್ತು. "ಒಳ್ಳೇದು," ಅಂದ.

"ಒಳ್ಳೇದಾ?"

ನಡುವೆ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿದಾಗ ಅವಳು ಜಗಲಿಗೆ ಹೋಗಿಯಾಗಿತ್ತು, ಬೆನ್ನು ಇತ್ತ ಮಾಡಿ ಕೂತಿದ್ದಳು. ಕ್ಲೀಟಸ್ ಉಪ್ಪನ್ನೂ ಮರೆತು ಊರಿಗೆ ನಡೆದ. ಆ ದಾರಿಯುದ್ದಕ್ಕೂ ತನ್ನನ್ನು ತಾನು ಬೈದುಕೊಂಡಷ್ಟು ಅವನನ್ನು ಇನ್ಯಾರೂ ಬೈದಿರಲಿಲ್ಲ.

ಸುಗ್ಗಿ ಬಂತು. ಗನ್ಬಾಸನೂ ಕ್ಲೀಟಸನೂ ಕೋಲಿನಿಂದ ಮಣ್ಣು ಕೆದಕಿ, ಕೈಯಿಂದ ಬಿಡಿಸಿ, ಗೆಡ್ಡೆಯನ್ನು ಮೇಲೆತ್ತಿದರು. ಎತ್ತಲು ಇಬ್ಬರು ಬೇಕಾಗಲಿಲ್ಲ. ಅದು ಕ್ಲೀಟಸನ ಸೊಂಟಕ್ಕೆ ಬರುತ್ತಿತ್ತು, ತುದಿಯಲ್ಲಿ ಸೊಟ್ಟಗೆ ಕವಲೊಡೆದಿತ್ತು.

ಗನ್ಬಾಸ ಗುಂಡಿಯ ಅಂಚಿನಲ್ಲಿ ಕೂತು ಗೆಡ್ಡೆಯ ಮಣ್ಣು ಒರೆಸಿದ. ಬೈಯಲಿಲ್ಲ. "ಹುಳ ತಿಂದಿದೆ ಅಂತ ನಾನು ಹೇಳ್ತೀನಿ," ಅಂದ ಕೊನೆಗೆ. "ನೀನು ತಲೆ ಆಡಿಸು, ಸಾಕು. ನಿಮ್ಮಪ್ಪನ ಹೆಸರು ಉಳಿಯುತ್ತೆ."

ದೈವದ ಮನೆಯ ಮುಂದೆ ಗೆಣಸುಗಳನ್ನು ಬಿದಿರ ಗಳಕ್ಕೆ ಕಟ್ಟಿ, ಬಣ್ಣದ ಮುಖವಾಡ, ಗರಿ, ಹೂವು ಇಟ್ಟು ಮದುಮಕ್ಕಳಂತೆ ಸಾಲಾಗಿ ನಿಲ್ಲಿಸಿದ್ದರು. ಸಾಲಿನ ನಡುವೆ ಕ್ಲೀಟಸನದು, ದೊಡ್ಡವರ ಮಧ್ಯೆ ಸಿಕ್ಕಿಹಾಕಿಕೊಂಡ ಕೂಸಿನ ಹಾಗೆ. ಅದರ ಮುಖವಾಡವೇ ಅದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಜನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ತೆಂಗಿನ ಮರದ ಕೆಳಗೆ ಲುಡ್ವಿನಾ ಜೊತೆ ನೋಲೀನ್ ನಿಂತಿದ್ದಳು. ಭುಜಕ್ಕೆ ಹಲಗೆ, ಕಾಲ ಬಳಿ ಊರಿಗೆ ಹೊರಟ ದೊಡ್ಡ ಚೀಲ. ಬೆಳಿಗ್ಗೆ ಟೋಬಿಯನ್ನು ಅಳೆದಾಗಿತ್ತು, ತಲೆಯನ್ನು ಲುಡ್ವಿನಾಳೇ ಹಿಡಿದಿದ್ದಳು. ಟೋಬಿ ಬೆಳೆದಿದ್ದ. ಆ ಬೆರಳುದ್ದದಲ್ಲಿ ಉಗುರಿನಷ್ಟು ಕೂಡಿಬಂದಿತ್ತು, ಉಳಿದದ್ದು ಇನ್ನೂ ಬಾಕಿ. ಕ್ಲೀಟಸನ ಕಡೆ ಅವಳು ನೋಡಲಿಲ್ಲ.

ಬೊನಿಫಾಸ್ ಗಿಡ್ಡ ಗೆಣಸಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅದರ ತಲೆ ಸವರಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಪಾಪ, ಇನ್ನೂ ಹಾಲು ಬಿಟ್ಟಿಲ್ಲ ಅನ್ಸುತ್ತೆ." ನಗು ಎದ್ದಿತು. ಆಮೇಲೆ ಬೊನಿಫಾಸ್ ನಗದೆ ಕೇಳಿದ. "ಜೊತೆಗಾರ, ಯಾರನ್ನ ಮುಟ್ಟಿದೆ?"

"ಹುಳ," ಅಂದ ಗನ್ಬಾಸ ಮುಂದೆ ಬಂದು. "ಬುಡಕ್ಕೆ ಹುಳ ಹತ್ತಿತ್ತು. ಅಲ್ವೇನೋ?"

ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಕ್ಲೀಟಸ್ ತೆಂಗಿನ ಮರದ ಕಡೆ ನೋಡಿದ. ಅವಳು ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಲಾರಿ ಕೂಗುವ ಹೊತ್ತಾಗಿತ್ತು.

"ಹುಳ ಅಲ್ಲ," ಅಂದ. "ಮುಟ್ಟಿದೆ."

ಚೀಲದ ಪಟ್ಟಿ ಸುತ್ತುತ್ತಿದ್ದ ನೋಲೀನಳ ಕೈ ನಿಂತಿತು.

"ಟೋಬಿ ತಲೆ ಹಿಡಿದ ದಿನ ನೋಲೀನ್ ಕೈ ತಾಕಿತು. ಅವರು ಬೇಕು ಅಂತ ಮುಟ್ಟಿದ್ದಲ್ಲ, ಕೆಲಸ ತಿದ್ದೋಕೆ. ಆಮೇಲೆ ಎರಡು ಸಲ ನಾನೇ ತಪ್ಪು ಹಿಡಿದೆ, ಮತ್ತೆ ತಾಕಲಿ ಅಂತ. ತಾಕಲಿಲ್ಲ. ಮನಸ್ಸಂತೂ ಅವರು ಮೊದಲ ದಿನ ಕೈ ಚಾಚಿದಾಗ್ಲೇ ಹೋಗಿತ್ತು. ದೊಡ್ಡಪ್ಪ ಕೇಳಿದ್ರು, ಇಲ್ಲ ಅಂತ ಸುಳ್ಳು ಹೇಳ್ದೆ." ಅವನು ಗೆಣಸಿನ ಕಡೆ ತಿರುಗಿದ. "ಗೆಣಸಿನ ತಪ್ಪೇನೂ ಇಲ್ಲ. ಅದಕ್ಕೆ ಗೊತ್ತಾಗಿತ್ತು."

ಗನ್ಬಾಸ ಮುಖ ಆಚೆ ತಿರುಗಿಸಿದ. "ಮುಂದಿನ ಸಲ ನಿನಗೆ ಬಿತ್ತನೆ ಗೆಡ್ಡೆ ಕೊಡಲ್ಲ," ಅಂದ.

"ಸರಿ ದೊಡ್ಡಪ್ಪ." ಅದು ಸಣ್ಣ ಮಾತಾಗಿರಲಿಲ್ಲ. ಕ್ಲೀಟಸನ ಕಣ್ಣು ತುಂಬಿತು, ಆದರೂ ಎಷ್ಟೋ ತಿಂಗಳ ಮೇಲೆ ಅವನ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಂತಿತ್ತು.

ಬೊನಿಫಾಸ್ ಗೆಣಸನ್ನೂ ಅವನನ್ನೂ ನೋಡಿ ತಲೆ ಕೊಡವಿದ. "ಒಂದ್ಸಲ ಬೆರಳು ತಾಕಿದ್ದಕ್ಕೇ ಇಷ್ಟು ಗಿಡ್ಡ ಆಯ್ತಾ? ಕೈ ಹಿಡಿದಿದ್ರೆ ಬೀಜನೂ ಸಿಗ್ತಿರಲಿಲ್ಲ ಕಣೋ." ಹಾಗೆಂದು ಗಿಡ್ಡ ಗೆಣಸನ್ನು ಗಳದಿಂದ ಬಿಚ್ಚಿ, ಮಗುವನ್ನು ಎತ್ತಿಕೊಳ್ಳುವಂತೆ ಕಂಕುಳಿಗೆ ಎತ್ತಿಕೊಂಡ. ಈ ಸಲದ ನಗುವಿನಲ್ಲಿ ಮುಳ್ಳಿರಲಿಲ್ಲ.

ಜನ ದಾರಿ ಬಿಟ್ಟರು. ಕ್ಲೀಟಸ್ ತೆಂಗಿನ ಮರದ ಬಳಿ ಹೋಗಿ ನಿಂತು ಬಲಗೈ ಚಾಚಿದ.

ನೋಲೀನ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಗಲ್ಲ ಎತ್ತಿ ಅವನನ್ನು ನೋಡಿದಳು. ಕಣ್ಣು ಒದ್ದೆಯಾಗಿತ್ತು, ತುಟಿಯ ತುದಿಯ ನಗು ಮಾತು ಕೇಳುತ್ತಿರಲಿಲ್ಲ.

"ಕೈ ತೊಳ್ಕೊಂಡಿದೀರಾ?"

"ಇಲ್ಲ. ಗೆಣಸಿನ ಮಣ್ಣು ಇನ್ನೂ ಇದೆ."

"ರಸ್ತೆ ಆಚೆ ನಿಂತು ಒಳ್ಳೇದು ಅಂದ್ರಿ."

"ಉಪ್ಪು ಬೇಕು ಅಂತಲೂ ಅಂದಿದ್ದೆ. ಎರಡೂ ಸುಳ್ಳು. ಹೋಗ್ಬೇಡ, ನೋಲೀನ್."

ಅವಳು ಕೆನ್ನೆ ಒರೆಸಿಕೊಂಡಳು. "ಹೋಗ್ಲೇಬೇಕು. ನಮ್ಮಿಬ್ಬರ ವಿಷಯ ಅಪ್ಪನಿಗೆ ಯಾರು ಹೇಳ್ತಾರೆ? ನಿನಗೂ ಒಂದು ಟಿಕೆಟ್ ಸಿಗುತ್ತಾ ಕೇಳ್ತೀನಿ. ನಮ್ಮಪ್ಪ ಮೀನು ಹಿಡಿಯೋನು, ಅವನ ಮುಂದೆ ಗೆಣಸಿನ ಮಾತು ಎತ್ತಬೇಡ."

ದೂರದಲ್ಲಿ ಲಾರಿ ಕೂ ಎಂದಿತು. ನೋಲೀನ್ ಬೆನ್ನ ಹಿಂದಿನಿಂದ ಕೈ ತಂದು ಅವನ ಮಣ್ಣಿನ ಕೈಯಲ್ಲಿಟ್ಟಳು. ಅವನು ಹಿಡಿದುಕೊಂಡ. ಕೈ ಕುಲುಕುವುದಕ್ಕೆ ಬೇಕಾದಷ್ಟು ಹೊತ್ತು ಕಳೆಯಿತು, ಅದಕ್ಕಿಂತ ಹೆಚ್ಚೂ ಕಳೆಯಿತು. ಈ ಸಲ ಅವಳು ಬಿಡಿ ಎನ್ನಲಿಲ್ಲ.